ಕಾಲುವೆಯ ಕೊನೆಯ ಹೊಲದಿಂದ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಒಂದು ಭಾಷಣ, ಒಂದು ಕ್ವಿಜ್, ಒಂದು ಪೋಸ್ಟರ್ ಸ್ಪರ್ಧೆ. ಕೆ.ಆರ್.ಎಸ್., ಭದ್ರಾವತಿ, ಎರಡು ಮೇಣದಬತ್ತಿಯ ಕತೆ, ಮಡಿಕೆ ಮುರಿಯದ ಸೂಟು, ಇವೆಲ್ಲ ನಮಗೆ ಪ್ರೈಮರಿ ಶಾಲೆಯಿಂದಲೇ ಬಾಯಿಪಾಠ. ಅದನ್ನೇ ಮತ್ತೆ ಹೇಳಿ ನಿಮ್ಮ ಸಮಯ ತಗೊಳ್ಳೋದಿಲ್ಲ. ಈ ಸಲ ನಾವು ಅವರ ಬದುಕನ್ನು ಬೇರೆ ಒಂದು ಪ್ರಶ್ನೆ ಇಟ್ಟುಕೊಂಡು ಓದಿದ್ದೇವೆ.

ನಮ್ಮಲ್ಲಿ ಬಹಳ ಮಂದಿ, ಸಿವಿಲ್ ಓದಲಿ ಮೆಕ್ಯಾನಿಕಲ್ ಓದಲಿ, ಕೊನೆಗೆ ಸೇರೋದು ಸಾಫ್ಟ್‌ವೇರ್ ಕಂಪನಿಗೇ. ಅಲ್ಲಿ ಪ್ರತಿ ಸ್ಲೈಡಿನಲ್ಲೂ ಯೂಸರ್ ಅನ್ನೋ ಪದ ಇರುತ್ತೆ. ಬಳಸುವವರನ್ನು ನಡುವೆ ಇಟ್ಟುಕೊಂಡು ವಿನ್ಯಾಸ ಮಾಡಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಆದರೂ ಎಷ್ಟೋ ಸಲ ಬಳಸುವವರ ಮುಖ ಕಾಣೋದು ಪ್ರಾಡಕ್ಟ್ ಮುಗಿದ ಮೇಲೆ, ದೂರಿನ ರೂಪದಲ್ಲಿ. ಒಪ್ಪಿಕೊಂಡ ಮಾತು ಕೆಲಸಕ್ಕೆ ಯಾಕೆ ಇಳಿಯೋದಿಲ್ಲ? ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಕೀಬೋರ್ಡ್ ಮುಂದೆ ಕೂತು ಕೆಲಸ ಮಾಡದೆಯೇ ತೀರಿಕೊಂಡ ಒಬ್ಬ ಸಿವಿಲ್ ಎಂಜಿನಿಯರ್. ಅವರ ಬದುಕಿನಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರವೂ ಇದೆ, ಅದು ತಪ್ಪಿಹೋದ ಜಾಗವೂ ಇದೆ.

ಇಲಾಖೆ ಒಳಗೆ ಒಬ್ಬ ಹೊಸಬ

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನೋಡಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು.

ಮುಂಬಯಿ ಪ್ರಾಂತ ಅಂದ್ರೆ ನಮಗೆ ದೂರದ್ದೇನಲ್ಲ. ಆಗ ಧಾರವಾಡ ಜಿಲ್ಲೆ ಅದರೊಳಗೇ ಇತ್ತು. ಗದಗ, ರೋಣ, ಗಜೇಂದ್ರಗಡ, ರಾಜೂರ ಎಲ್ಲ ಆ ಪ್ರಾಂತದ ಮೂಲೆಯ ಊರುಗಳೇ. ಮುಂದೆ ಧಾರವಾಡ ಮತ್ತು ವಿಜಯಪುರದ ನೀರು ಪೂರೈಕೆ ಕೆಲಸಗಳಲ್ಲೂ ವಿಶ್ವೇಶ್ವರಯ್ಯನವರ ಪಾತ್ರ ಇತ್ತು.

ಆ ಇಲಾಖೆಯ ಸ್ವಭಾವ ಹೇಗಿತ್ತು ಅಂತ ಒಂದು ಮಾತು ಹೇಳಬೇಕು. ಮೇಲಿನ ಹುದ್ದೆಗಳಲ್ಲಿ ಬ್ರಿಟಿಷರು. ಅಪ್ಪಣೆ ಮೇಲಿಂದ ಕೆಳಕ್ಕೆ ಬರಬೇಕು, ವರದಿ ಕೆಳಗಿಂದ ಮೇಲಕ್ಕೆ ಹೋಗಬೇಕು. ಎಷ್ಟು ಮೈಲಿ ಕಾಲುವೆ, ಎಷ್ಟು ಖರ್ಚು, ಎಷ್ಟು ವರಮಾನ, ಇವು ಕಡತದಲ್ಲಿ ಇರೋ ಲೆಕ್ಕ. ಕಾಲುವೆ ಪಕ್ಕದ ಹೊಲದಲ್ಲಿ ರೈತ ಈ ವರ್ಷ ಏನು ಬಿತ್ತಬೇಕು ಅಂತ ಹೇಗೆ ತೀರ್ಮಾನ ಮಾಡ್ತಾನೆ ಅನ್ನೋದಕ್ಕೆ ಆ ಕಡತದಲ್ಲಿ ಕಾಲಮ್ಮೇ ಇರಲಿಲ್ಲ.

ಖಾನದೇಶದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲೇ, ಅವರಿಗೆ ಇದರ ರುಚಿ ಸಿಕ್ಕಿತು. ಪಾಂಝರಾ ನದಿಗೆ ಅಡ್ಡಲಾಗಿ ಪೈಪಿನ ಸೈಫನ್ ಹಾಕುವ ಕೆಲಸ. ಮಳೆಗಾಲ ಶುರುವಾಗಿ ಪ್ರವಾಹದ ಮರಳು ತುಂಬಿಕೊಳ್ಳುತ್ತಿತ್ತು. ಮಳೆ ನಿಲ್ಲುವವರೆಗೆ ಕೆಲಸ ಮುಂದೂಡೋಣ ಅಂತ ಅವರು ಬರೆದರು. ಮೇಲಧಿಕಾರಿಗೆ ಅದು ಇಷ್ಟವಾಗಲಿಲ್ಲ. ಕೊನೆಗೆ ಮಳೆಯಲ್ಲೇ ನಿಂತು ಕೆಲಸ ಮುಗಿಸಿದರು, ಹೆಸರೂ ಬಂತು. ಆದರೆ ಸೈಟಿನಲ್ಲಿ ನಿಂತವನ ಮಾತು ಟೇಬಲ್ ಮೇಲೆ ಎಷ್ಟು ಹಗುರವಾಗಿ ಕಾಣುತ್ತೆ ಅನ್ನೋದೂ ಈ ಕತೆಯಲ್ಲಿದೆ. ರಿಲೀಸ್ ಡೇಟ್ ಬದಲಾಗೋದಿಲ್ಲ ಅಂತ ಕೇಳಿಸಿಕೊಂಡ ಸೀನಿಯರ್‌ಗಳನ್ನು ಕೇಳಿದರೆ ಇದರ ಅರ್ಥ ಇನ್ನೂ ಚೆನ್ನಾಗಿ ಹೇಳ್ತಾರೆ.

ಸಕ್ಕರ್‌ನ ಬಾವಿ, ಪುಣೆಯ ಬಾಗಿಲು

1890ರ ದಶಕದ ನಡುವೆ ಅವರನ್ನು ಸಿಂಧ್‌ಗೆ ಕಳಿಸಿದರು. ಸಿಂಧೂ ನದಿ ದಂಡೆಯ ಸಕ್ಕರ್ ಪಟ್ಟಣಕ್ಕೆ ಕುಡಿಯೋ ನೀರು ಬೇಕಿತ್ತು. ನದಿ ನೀರು ಕೆಸರು. ಪುಸ್ತಕದ ಪ್ರಕಾರ ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಬೇಕು, ಆದರೆ ಅಲ್ಲಿನ ಪುರಸಭೆಗೆ ಅಷ್ಟು ದುಡ್ಡಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಶೋಧಕ. ಮರಳಿನಲ್ಲಿ ಇಳಿದು ತಿಳಿಯಾದ ನೀರನ್ನು ಪಂಪ್ ಮಾಡಿ ಊರಿಗೆ ಕೊಟ್ಟರು. ಕಟ್ಟುವವನ ಜಾಣತನ ತೋರಿಸೋ ವಿನ್ಯಾಸಕ್ಕಿಂತ, ಊರು ಮುಂದೆ ತಾನೇ ನಡೆಸಿಕೊಂಡು ಹೋಗಬಲ್ಲ ವಿನ್ಯಾಸ ಇದು.

ಪುಣೆಯ ಹತ್ತಿರ ಖಡಕ್ವಾಸ್ಲಾ ಕೆರೆಯಲ್ಲಿ ಮಳೆಗಾಲದಲ್ಲಿ ನೀರು ಕೋಡಿ ಹರಿದು ಹೋಗ್ತಿತ್ತು, ಬೇಸಿಗೆಯಲ್ಲಿ ಸಾಲ್ತಿರಲಿಲ್ಲ. ಅಣೆಕಟ್ಟು ಎತ್ತರಿಸಿದರೆ ಖರ್ಚು ಜಾಸ್ತಿ. 1903ರ ಸುಮಾರಿಗೆ ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಮಟ್ಟ ಮಿತಿ ಮೀರಿದರೆ ಬಾಗಿಲು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ಪೇಟೆಂಟ್ ಅವರ ಹೆಸರಿನಲ್ಲೇ ಇತ್ತು, ಆದರೆ ಸರ್ಕಾರಿ ಕೆಲಸಕ್ಕೆ ರಾಯಧನ ತಗೊಳ್ಳಲಿಲ್ಲ. ನಾವು ಇಲ್ಲಿ ಗಮನಿಸಬೇಕಾದ್ದು ಇನ್ನೊಂದು: ನಡುರಾತ್ರಿ ಜಡಿಮಳೆಯಲ್ಲಿ ಕಾವಲಿನವನೊಬ್ಬ ಎದ್ದು ಬಂದು ಸರಿಯಾದ ಹೊತ್ತಿಗೆ ಬಾಗಿಲು ಎತ್ತುತ್ತಾನೆ ಅನ್ನೋ ನಂಬಿಕೆ ಮೇಲೆ ಈ ವಿನ್ಯಾಸ ನಿಂತಿಲ್ಲ.

ರೈತನ ಲೆಕ್ಕ ಬೇರೆ

ಇವೆಲ್ಲಕ್ಕಿಂತ ನಮಗೆ ಮುಖ್ಯ ಅನಿಸಿದ್ದು ಬ್ಲಾಕ್ ಪದ್ಧತಿ. ಕ್ವಿಜ್‌ನಲ್ಲಿ ಇದರ ಹೆಸರು ಮಾತ್ರ ಬರುತ್ತೆ, ಕತೆ ಬರಲ್ಲ.

1899ರ ಹೊತ್ತಿಗೆ ಪುಣೆ ಸೀಮೆಯ ನೀರಾವರಿ ಅವರ ಕೈಗೆ ಬಂತು. ದಖ್ಖನ್ನಿನ ಕಾಲುವೆಗಳದ್ದು ವಿಚಿತ್ರ ಸಮಸ್ಯೆ. ಮಳೆ ಚೆನ್ನಾಗಿ ಆದ ವರ್ಷ ರೈತರು ಕಾಲುವೆ ನೀರು ಕೇಳೋದೇ ಇಲ್ಲ. ಮಳೆ ಕೈಕೊಟ್ಟ ವರ್ಷ ಎಲ್ಲರೂ ಒಟ್ಟಿಗೇ ಕೇಳ್ತಾರೆ. ಕಾಲುವೆಯ ಬಾಯಿಯ ಹತ್ತಿರದವರು ಕಬ್ಬಿಗೆ ಬೇಕಾದಷ್ಟು ಹರಿಸ್ತಾರೆ, ಕೊನೆಯವರಿಗೆ ಹನಿಯೂ ಇಲ್ಲ. ನೀರು ಅತಿಯಾದ ಹೊಲಗಳು ಜೌಗು ಹಿಡಿದು ಹಾಳಾಗ್ತಿದ್ದವು, ಸೊಳ್ಳೆ ಕಾಟ ಬೇರೆ. ಇಲಾಖೆಯ ಕಣ್ಣಿಗೆ ಇದು ರೈತರ ಅಜ್ಞಾನ.

ರೋಣ, ನರಗುಂದದ ಕಡೆಯ ಎರಿ ಹೊಲ ಗೊತ್ತಿದ್ದವರಿಗೆ ಇದು ಅಜ್ಞಾನ ಅಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ. ಒಳ್ಳೆ ಮಳೆ ಆದರೆ ಹಿಂಗಾರಿ ಜೋಳ, ಕಡಲೆ ಅದೇ ಹಸಿಯಲ್ಲಿ ಬರುತ್ತೆ. ಅಂಥ ಹೊಲಕ್ಕೆ ದುಡ್ಡು ಕೊಟ್ಟು ನೀರು ಯಾಕೆ ಬಿಡಬೇಕು? ಬಿಟ್ಟರೆ ಬೆಳೆಗಿಂತ ಮಣ್ಣಿಗೇ ಕೇಡು. ಇನ್ನು ಕಬ್ಬು ಹಾಕೋಣ ಅಂದ್ರೆ ಗೊಬ್ಬರಕ್ಕೆ ಸಾಲ ಮಾಡಬೇಕು, ಮುಂದಿನ ತಿಂಗಳು ನೀರು ಬರುತ್ತೋ ಇಲ್ಲವೋ ಗ್ಯಾರಂಟಿ ಇಲ್ಲ. ರೈತನ ಲೆಕ್ಕ ಅವನ ಕಡೆಯಿಂದ ಸರಿಯಾಗೇ ಇತ್ತು. ಅದಕ್ಕೆ ಹೊಂದದೇ ಇದ್ದದ್ದು ಕಾಲುವೆ.

ವಿಶ್ವೇಶ್ವರಯ್ಯ ಯೋಜನೆಯನ್ನು ಈ ಲೆಕ್ಕದಿಂದ ಶುರು ಮಾಡಿದರು. ನೀರನ್ನು ಬಾಯಿಯ ಹತ್ತಿರದ ನಾಲ್ಕು ಊರಿಗೆ ಸುರಿಯೋ ಬದಲು ಹೆಚ್ಚು ಊರಿಗೆ ಹಂಚುವುದು. ಪ್ರತಿ ಊರಿನಲ್ಲಿ ನೀರಾವರಿಗೆ ಒಗ್ಗುವ, ನೀರು ಬಸಿದು ಹೋಗುವ ಮಣ್ಣಿನ ಜಾಗ ಆರಿಸಿ ಬ್ಲಾಕ್ ಮಾಡುವುದು. ಬ್ಲಾಕಿನೊಳಗೆ ಮೂರರಲ್ಲಿ ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ಒಣ ಬೇಸಾಯದ ಬೆಳೆ, ಹೀಗೆ ವರ್ಷ ವರ್ಷ ತಿರುಗಿಸುವುದು, ಅಂದರೆ ಯಾವ ಹೊಲವೂ ಜೌಗಾಗಬಾರದು. ಮತ್ತು ಹಲವು ವರ್ಷಕ್ಕೆ ಒಮ್ಮೆಲೇ ಒಪ್ಪಂದ. ನೀರಿಗೋಸ್ಕರ ಹಂಗಾಮು ಹಂಗಾಮಿಗೂ ಅರ್ಜಿ ಹಿಡ್ಕೊಂಡು ಕಾಲುವೆ ಸಿಬ್ಬಂದಿ ಹಿಂದೆ ಅಲೆಯೋದು ತಪ್ಪುತ್ತೆ. ನೀರಿನ ಖಾತ್ರಿ ಇದ್ದರೆ ರೈತ ಧೈರ್ಯವಾಗಿ ಹೊಲಕ್ಕೆ ದುಡ್ಡು ಹಾಕ್ತಾನೆ.

ಬೇಕಾದಷ್ಟು ನೀರು ಸಿಗ್ತಿದ್ದ ಜಮೀನ್ದಾರರು ವಿರೋಧ ಮಾಡಿದರು. ಇಲಾಖೆ ಒಳಗೂ ಅನುಮಾನ ಇತ್ತು. ಆದರೆ ಆ ಹೊತ್ತಿಗೆ, 1901ರಲ್ಲಿ, ಭಾರತದ ನೀರಾವರಿ ಆಯೋಗ ನೇಮಕವಾಗಿತ್ತು. ಅದರ ಮುಂದೆ ಈ ವಿಚಾರ ಬಂತು, ಒಪ್ಪಿಗೆ ಸಿಕ್ಕಿತು, ನೀರಾ ಕಾಲುವೆಯ ಮೇಲೆ ಪದ್ಧತಿ ಜಾರಿಯಾಯಿತು.

ಇದಾಗಿ ಎಂಬತ್ತು ವರ್ಷದ ಮೇಲೆ, 1985ರಲ್ಲಿ, ಐ.ಬಿ.ಎಂ. ಕಂಪನಿಯಲ್ಲಿ ಸಂಶೋಧನೆ ಮಾಡ್ತಿದ್ದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಒಳ್ಳೆ ವಿನ್ಯಾಸಕ್ಕೆ ಮೂರು ಸೂತ್ರ ಹೇಳಿದರು. ಮೊದಲಿನಿಂದಲೇ ಬಳಸುವವರನ್ನೂ ಅವರ ಕೆಲಸವನ್ನೂ ತಿಳಿದುಕೊಳ್ಳಬೇಕು, ಮಾಡಿದ್ದನ್ನು ಅವರ ಕೈಲಿ ಬಳಸಿ ನೋಡಿ ಅಳೆಯಬೇಕು, ತಪ್ಪಿದ್ದಲ್ಲಿ ತಿದ್ದಿ ಮತ್ತೆ ಮಾಡಬೇಕು. ವಿನ್ಯಾಸಕಾರರಿಗೆ ನೀವು ಹೇಗೆ ಕೆಲಸ ಮಾಡ್ತೀರಿ ಅಂತ ಅವರು ಕೇಳಿದಾಗ ಮೂರನ್ನೂ ಹೇಳಿದವರು ಕಡಿಮೆ. ಓದಿದರೆ ಮೂರೂ ಸಾಮಾನ್ಯ ಜ್ಞಾನ ಅನಿಸುತ್ತೆ, ಕೆಲಸಕ್ಕೆ ಕೂತಾಗ ಮೂರೂ ಮರೆತುಹೋಗುತ್ತೆ. ಬ್ಲಾಕ್ ಪದ್ಧತಿಯಲ್ಲಿ ನಮಗೆ ಮೊದಲನೇ ಸೂತ್ರ ಬಹಳ ಸ್ಪಷ್ಟವಾಗಿ ಕಾಣುತ್ತೆ.

ಕಚೇರಿಯನ್ನೇ ತಿದ್ದಲು ಹೊರಟವರು

ದೊಡ್ಡ ಹುದ್ದೆ ಭಾರತೀಯರಿಗೆ ಸಿಗೋದು ಕಷ್ಟ ಅಂತ ಗೊತ್ತಾದ ಮೇಲೆ ಅವರು 1908ರಲ್ಲಿ ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಪ್ರವಾಹದಲ್ಲಿ ಹೈದರಾಬಾದ್ ನಲುಗಿತ್ತು, ಅಲ್ಲಿಗೆ ಹೋಗಿ ಪ್ರವಾಹ ತಡೆಯೋ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. 1911ರಲ್ಲಿ ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಶುರು. ಆಮೇಲೆ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಈ ಪಟ್ಟಿ ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ಪಟ್ಟಿಯಲ್ಲಿ ಬಾರದ ಕೆಲಸ ಇನ್ನೊಂದಿದೆ. ಒಬ್ಬ ಒಳ್ಳೆ ಎಂಜಿನಿಯರ್ ಇದ್ದರೆ ಸಾಲದು, ಕಚೇರಿಯ ಅಭ್ಯಾಸವೇ ಬದಲಾಗಬೇಕು ಅಂತ ಅವರಿಗೆ ಅನಿಸಿತ್ತು. 1911ರಲ್ಲಿ ಅವರ ಸಲಹೆಯಂತೆ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ-ವಾಣಿಜ್ಯಕ್ಕೆ ಮೂರು ಸಮಿತಿಗಳು, ಜಿಲ್ಲೆಗಳಲ್ಲಿ ಅದರ ಶಾಖೆಗಳು. ಅಧಿಕಾರಿಗಳ ಜೊತೆ ಸರ್ಕಾರದ ಹೊರಗಿನವರೂ ಕೂತು ಮಾತಾಡೋ ಜಾಗ ಅದು. 1915ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿಗೂ ಈ ಸಮ್ಮೇಳನದ ಚರ್ಚೆಯೇ ದಾರಿ ಮಾಡಿಕೊಟ್ಟಿದ್ದು. ಕಚೇರಿಗಳ ಕೆಲಸದ ದಕ್ಷತೆಯನ್ನು ತಪಾಸಣೆ ಮಾಡೋ ವ್ಯವಸ್ಥೆಯನ್ನೂ ತಂದರು. ಹಳ್ಳಿಗಳಲ್ಲಿ ಊರಿನವರೇ ಸಮಿತಿ ಮಾಡಿಕೊಂಡು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಕೊಡೋ ಗ್ರಾಮ ಸುಧಾರಣೆಯ ಯೋಜನೆ ಮಾಡಿದರು.

1968ರಲ್ಲಿ ಮೆಲ್ವಿನ್ ಕಾನ್ವೇ ಅನ್ನೋ ಕಂಪ್ಯೂಟರ್ ತಜ್ಞ ಒಂದು ವಿಷಯ ಗುರುತಿಸಿದ. ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡ್ತಾರೋ ಆ ಸಂಸ್ಥೆ ಮಾಡೋ ವಸ್ತುವೂ ಅದೇ ಆಕಾರ ಪಡೆಯುತ್ತೆ ಅಂತ. ಸಾಫ್ಟ್‌ವೇರ್‌ನಲ್ಲಿ ಇದನ್ನು ಕಾನ್ವೇ ನಿಯಮ ಅಂತಾರೆ. ಕೋಡ್ ಬರೆಯೋರು ಮ್ಯಾನೇಜರ್ ಜೊತೆ ಮಾತ್ರ ಮಾತಾಡಿದರೆ ಆ್ಯಪ್ ಮ್ಯಾನೇಜರ್‌ಗೆ ಇಷ್ಟವಾಗೋ ಹಾಗಿರುತ್ತೆ. ವಿಶ್ವೇಶ್ವರಯ್ಯ ಸಮ್ಮೇಳನ, ಸಮಿತಿಗಳ ಮೂಲಕ ಬದಲಾಯಿಸಲು ನೋಡಿದ್ದು ಈ ಮಾತಿನ ದಾರಿಗಳನ್ನೇ.

ಎಲ್ಲಿ ತಪ್ಪಿತು

ಇಷ್ಟು ಹೇಳಿ ಹಾರ ಹಾಕಿ ಮುಗಿಸಬಹುದಿತ್ತು. ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಬದುಕು ಹೇಳಿದಂತೆ.

ಅವರ ಕಾಲದಲ್ಲೇ ಮೈಸೂರಿನಲ್ಲಿ ಹಿಂದುಳಿದ ಸಮುದಾಯಗಳು ಸರ್ಕಾರಿ ಕೆಲಸದಲ್ಲಿ ಪಾಲು ಕೇಳಿದವು. 1918ರಲ್ಲಿ ಅದಕ್ಕಾಗಿ ಲೆಸ್ಲಿ ಮಿಲ್ಲರ್ ಸಮಿತಿ ಬಂತು. ಇದರಿಂದ ದಕ್ಷತೆ ಕುಗ್ಗುತ್ತೆ ಅನ್ನೋದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬೆಳೆದು 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಅವರ ಪ್ರಾಮಾಣಿಕತೆ ಬಗ್ಗೆ ನಮಗೆ ಅನುಮಾನ ಇಲ್ಲ. ಆದರೆ ರೈತನ ಲೆಕ್ಕ ಅಷ್ಟು ಚೆನ್ನಾಗಿ ಓದಿದವರಿಗೆ, ಆ ರೈತನ ಮಗ ಕಚೇರಿಯ ಒಳಗೆ ಕೂತರೆ ಕಚೇರಿಯ ದಕ್ಷತೆ ಹೆಚ್ಚಬಹುದು ಅಂತ ಕಾಣಲಿಲ್ಲ. ಇದನ್ನು ನಾವು ಮುಚ್ಚಿಡಬಾರದು.

ಎರಡನೆಯದು ಕಾವೇರಿಯ ದಂಡೆಯಲ್ಲೇ ನಡೆಯಿತು. ಕನ್ನಂಬಾಡಿಯಿಂದ ಮಂಡ್ಯದ ಕಡೆಗೆ ಇರ್ವಿನ್ ನಾಲೆ ಬಂತು, ಇವತ್ತು ಅದರ ಹೆಸರು ವಿಶ್ವೇಶ್ವರಯ್ಯ ನಾಲೆ. ಅಲ್ಲೂ ಬ್ಲಾಕ್ ಪದ್ಧತಿಯೇ. ಆ ಹೊತ್ತಿಗೆ ಅವರು ದಿವಾನರಾಗಿರಲಿಲ್ಲ. 1930ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ರೈತರು ನೀರಿನ ಕರ ಮತ್ತು ನಿಯಮಗಳ ವಿರುದ್ಧ ಚಳವಳಿ ಮಾಡಿದರು. ಒಂದು ಸೀಮೆಯ ರೈತರ ಲೆಕ್ಕ ಓದಿ ಮಾಡಿದ ಪದ್ಧತಿಯನ್ನು ಇನ್ನೊಂದು ಸೀಮೆಗೆ ನಿಯಮವಾಗಿ ಒಯ್ದರೆ ಹೀಗೂ ಆಗುತ್ತೆ. ಪದ್ಧತಿಯನ್ನು ಕಡತದಲ್ಲಿ ಹಾಕಿ ಕಳಿಸಬಹುದು, ಅದರ ಹಿಂದಿನ ಕೇಳುವ ಗುಣ ಕಡತದ ಜೊತೆ ಹೋಗೋದಿಲ್ಲ.

ಮೂರನೆಯದು ಅವರು ತೀರಿಕೊಂಡ ಮೇಲಿನ ಮಾತು, ನಮ್ಮ ಸೀಮೆಯದು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು, ನರಗುಂದ, ನವಲಗುಂದದ ಎರಿ ಭೂಮಿಗೆ ಕಾಲುವೆ ಬಂತು. ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ, ಆದರೆ ಭೂಮಿಯ ಬೆಲೆ ಏರಿತು ಅನ್ನೋ ಲೆಕ್ಕದಲ್ಲಿ ಅಭಿವೃದ್ಧಿ ಕರ ಮಾತ್ರ ಮುಟ್ಟಿತು. ಹತ್ತಿ ದರ ಬಿದ್ದಿತ್ತು. ರೈತರು ಮನವಿ ಕೊಟ್ಟರು, ಧರಣಿ ಮಾಡಿದರು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಗಲಾಟೆ, ಗೋಲಿಬಾರ್ ಆಗಿ ರೈತರೂ ಪೊಲೀಸರೂ ಸತ್ತರು. ಈಗಲೂ ಪ್ರತಿ ವರ್ಷ ಆ ದಿನ ನರಗುಂದದ ವೀರಗಲ್ಲಿಗೆ ರೈತರು ನಮಸ್ಕಾರ ಮಾಡ್ತಾರೆ. ನೀರಾ ಕಾಲುವೆಯ ಮೇಲೆ 1900ರ ಸುಮಾರಿಗೆ ಎದ್ದ ಪ್ರಶ್ನೆಗಳೇ ಇವು: ಕೊನೆಯ ಹೊಲಕ್ಕೆ ನೀರು, ಎರಿ ಮಣ್ಣಿನ ಗುಣ, ರೈತನ ಖರ್ಚಿನ ಲೆಕ್ಕ. ಉತ್ತರ ಗೊತ್ತಿದ್ದ ಎಂಜಿನಿಯರ್ ಹೆಸರಿನಲ್ಲಿ ದಿನಾಚರಣೆ ನಡೀತಾನೇ ಇತ್ತು. ಕೇಳುವ ಅಭ್ಯಾಸ ಮಾತ್ರ ಇಲಾಖೆಯಲ್ಲಿ ಉಳಿದಿರಲಿಲ್ಲ.

ರಾಜೂರಿನ ಹೊಲದಲ್ಲಿ ಒಂದು ಆ್ಯಪ್

ಇದನ್ನೆಲ್ಲ ಸಾಫ್ಟ್‌ವೇರ್‌ಗೆ ತಂದು ನೋಡೋಣ. 2000ನೇ ಇಸವಿ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ, ಕನ್ನಡದಲ್ಲೇ, 15 ರೂಪಾಯಿಗೆ. ಹೆಸರು ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸಾಲು. ಸಾಫ್ಟ್‌ವೇರ್‌ಗಿಂತ ದೊಡ್ಡ ಬದಲಾವಣೆ ಕಚೇರಿಯ ಅಭ್ಯಾಸದ್ದು: ಯಾರ ಕಾಗದ ಮೊದಲು ಅಂತ ಸಿಬ್ಬಂದಿ ತೀರ್ಮಾನಿಸೋ ಹಾಗಿರಲಿಲ್ಲ. ಆದರೆ ಕಂಪ್ಯೂಟರ್ ಇದ್ದದ್ದು ತಾಲೂಕು ಕೇಂದ್ರದಲ್ಲಿ. ರಾಜೂರ ಆಗ ರೋಣ ತಾಲೂಕಿನಲ್ಲಿತ್ತು, ಗಜೇಂದ್ರಗಡ ತಾಲೂಕು ಆಗಿದ್ದು ಆಮೇಲೆ. ಪಹಣಿಗೆ 15 ರೂಪಾಯಿ ಸರಿ, ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಯಾವ ಕಾಲಮ್ಮಿನಲ್ಲಿ ಬರೀಬೇಕು?

ಈಗ ನಾವೇ ಒಂದು ಕೃಷಿ ಆ್ಯಪ್ ಮಾಡ್ತಿದ್ದೀವಿ ಅಂತ ಇಟ್ಕೊಳ್ಳಿ. ರಾಜೂರಿನ ರೈತ ಹೊಲದಲ್ಲಿ ನಿಂತು ಬೆಳೆ ಫೋಟೋ ತೆಗೆದು ಕಳಿಸಬೇಕು. ನಮ್ಮ ಲ್ಯಾಬಿನಲ್ಲಿ ವೈಫೈ ಇದೆ, ಅಲ್ಲಿ ಸಿಗ್ನಲ್‌ಗೆ ಒಡ್ಡಿನ ಮೇಲೆ ಹತ್ತಬೇಕು. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ. ನಾವು ಒಂದು ಸರ್ವೆ ನಂಬರಿಗೆ ಒಂದು ಬೆಳೆ ಅಂತ ಡ್ರಾಪ್‌ಡೌನ್ ಕೊಟ್ಟಿದ್ದೀವಿ, ಅವರ ಹೊಲದಲ್ಲಿ ಹೆಸರಿನ ಜೊತೆ ಅಕ್ಕಡಿಯಾಗಿ ತೊಗರಿ ಇದೆ. ಹೊಲ ಅಪ್ಪನ ಹೆಸರಿನಲ್ಲಿ, ಒಟಿಪಿ ಬರೋ ಫೋನ್ ಮಗನ ಹತ್ತಿರ ಹುಬ್ಬಳ್ಳಿಯಲ್ಲಿ. ಇದನ್ನು ರೈತರಿಗೆ ತರಬೇತಿ ಸಾಲದು ಅಂತ ಬರೆದರೆ ನಾವೂ ಆ ಹಳೇ ಇಲಾಖೆಯವರೇ.

ಕಂಪನಿಗಳು ಡಿಸೈನ್ ಟೀಮ್ ಇಟ್ಟುಕೊಂಡಿರುತ್ತವೆ, ವರ್ಕ್‌ಶಾಪ್ ಮಾಡುತ್ತವೆ, ಗೋಡೆಗೆ ಬಣ್ಣದ ಚೀಟಿ ಅಂಟಿಸುತ್ತವೆ. ಅದು ತಪ್ಪಲ್ಲ. ಆದರೆ ಬಡ್ತಿ ಸಿಗೋದು ಎಷ್ಟು ಫೀಚರ್ ಮುಗಿಸಿದಿರಿ ಅನ್ನೋದರ ಮೇಲೆ ಆದರೆ, ಹೊಲಕ್ಕೆ ಹೋಗಿ ಬಂದವರ ಮಾತಿಗೆ ರಿಲೀಸ್ ಡೇಟ್ ಒಂದು ವಾರವೂ ಜರುಗದಿದ್ದರೆ, ಚೀಟಿಗಳಿಂದ ಏನೂ ಆಗೋದಿಲ್ಲ. ಏನನ್ನು ಎಣಿಸ್ತಾರೆ, ಯಾರ ಮಾತಿಗೆ ಕೆಲಸ ನಿಲ್ಲುತ್ತೆ, ಒಳಗೆ ಯಾರು ಕೂತಿದ್ದಾರೆ, ಈ ಮೂರು ನೋಡಿದರೆ ಸಂಸ್ಥೆಯ ಸಂಸ್ಕೃತಿ ಗೊತ್ತಾಗುತ್ತೆ. ಮೊದಲ ಎರಡು ಪ್ರಶ್ನೆಗೆ ವಿಶ್ವೇಶ್ವರಯ್ಯನವರಿಂದ ಕಲಿಯೋದು ಬಹಳ ಇದೆ. ಮೂರನೆಯದಕ್ಕೆ ಅವರು ಬಿಟ್ಟ ಜಾಗವನ್ನು ನಾವು ತುಂಬಬೇಕು.

ಭದ್ರಾವತಿ ಕಾರ್ಖಾನೆ 1920ರ ದಶಕದಲ್ಲಿ ನಷ್ಟದಲ್ಲಿದ್ದಾಗ ಅದನ್ನು ವಹಿಸಿಕೊಂಡು, ಹೊರಗಿನ ತಜ್ಞರ ಜಾಗದಲ್ಲಿ ಇಲ್ಲಿನವರನ್ನು ನಂಬಿ ನಡೆಸಿದವರೂ ಅವರೇ. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡರು, ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ.

ನಮ್ಮ ಕ್ಲಾಸುಗಳಲ್ಲಿ ಮನೆಯಲ್ಲಿ ಮೊದಲ ಸಲ ಎಂಜಿನಿಯರಿಂಗ್ ಓದ್ತಿರೋರು ಬಹಳ ಜನ ಇದ್ದಾರೆ. ಇಂಟರ್‌ವ್ಯೂನಲ್ಲಿ ಊರಿನ ಹೆಸರು ಹೇಳೋಕೆ ಸಂಕೋಚ ಪಡೋರೂ ಇದ್ದಾರೆ. ಅಕ್ಕಡಿ ಸಾಲು ಅಂದ್ರೇನು, ಎರಿ ಹೊಲಕ್ಕೆ ಯಾವಾಗ ನೀರು ಬೇಡ, ಒಟಿಪಿ ಯಾರ ಫೋನಿಗೆ ಬರುತ್ತೆ, ಇವೆಲ್ಲ ನಿಮಗೆ ಯಾವ ಕೋರ್ಸೂ ಇಲ್ಲದೆ ಗೊತ್ತು. ನೂರಾರು ಜನರ ಕಂಪನಿಯಲ್ಲಿ ಅದು ಗೊತ್ತಿರೋರು ನೀವೊಬ್ಬರೇ ಇರಬಹುದು. ಮೀಟಿಂಗಿನಲ್ಲಿ ಅದನ್ನು ಹೇಳಿ. ಮೊದಲ ಸಲ ಯಾರೂ ಬರೆದುಕೊಳ್ಳದಿದ್ದರೆ ಎರಡನೇ ಸಲ ಹೇಳಿ. ನಾಳೆ ನೀವೇ ಟೀಮ್ ಲೀಡ್ ಆದಾಗ, ಹಾಗೆ ಹೇಳೋ ಜೂನಿಯರ್‌ನ ಮಾತನ್ನು ಬರೆದುಕೊಳ್ಳಿ.